ಸಾರು ತೊಳೆದ ಬಂಗುಡೆ

ಆ ಮಧ್ಯಾಹ್ನ ಅಕ್ಷಯ್ ಸಾರಿನ ಬಂಗುಡೆಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯದೆ ಇದ್ದಿದ್ದರೆ ಬಚ್ಚ ಮನೆಯ ಊಟ ಬಿಡುತ್ತಲೇ ಇರಲಿಲ್ಲ. ತೊಳೆದದ್ದೇನೋ ತೊಳೆದ, ಅದೂ ಮಾವನ ಕಣ್ಣೆದುರೇ ತೊಳೆಯಬೇಕೆ? ಪದ್ದು ಇದನ್ನು ಎಷ್ಟು ಸಲ ಹೇಳಿಕೊಂಡು ಹಣೆ ಚಚ್ಚಿಕೊಂಡಳೋ ದೇವರಿಗೇ ಗೊತ್ತು.

ಉಪ್ಪುಂದದ ಕಡಲ ಬದಿಯ ಆ ಮನೆಯಲ್ಲಿ ಪದ್ದು, ಅವಳ ತಾಯಿ ಅಕ್ಕು, ಅಣ್ಣ ಬಚ್ಚ, ಮಗಳು ಪೂಜಿತಾ, ಮಗ ಅಕ್ಷಯ್ ಇಷ್ಟೇ ಜನ. ಗಂಡ ಅಶೋಕ ಮಗ ಅಂಬೆಗಾಲಿಡುವ ಹೊತ್ತಿಗೇ ಜ್ವರ ಬಂದು ಹೋಗಿಬಿಟ್ಟಿದ್ದ. ಅಂದಿನಿಂದ ಮಕ್ಕಳಿಗೆ ಅಪ್ಪನೂ ಅವನೇ ಮಾವನೂ ಅವನೇ ಎಂಬಂತೆ ನಿಂತವನು ಬಚ್ಚ. ಮದುವೆಯ ಮಾತು ಬಂದಾಗಲೆಲ್ಲ "ನಂಗ್ ಮಕ್ಳಿಲ್ಲ ಅಂದೇಳಿ ಯಾರ್ ಹೇಳಿರ್?" ಎಂದು ಮಾತು ತಿರುಗಿಸಿ, ತಿರುಗಿಸಿ, ತಲೆಗೂದಲು ಬೆಳ್ಳಗಾಗುವವರೆಗೂ ಹಾಗೆಯೇ ಉಳಿದುಬಿಟ್ಟ. ಪದ್ದು ಪೇಟೆಯಲ್ಲಿ ಮೀನು ಮಾರುತ್ತಿದ್ದಳು, ಬಚ್ಚ ನಾಡದೋಣಿಯಲ್ಲಿ ಕಡಲಿಗೆ ಹೋಗುತ್ತಿದ್ದ.

ದೋಣಿ ದಡಕ್ಕೆ ಬಂದಾಗ, ಮೀನು ಹರಾಜಿಗೆ ಹೋಗುವ ಮೊದಲು ಪ್ರತಿಯೊಬ್ಬನೂ ತನ್ನ ಮನೆಯ ಸಾರಿಗೆಂದು ಒಂದಿಷ್ಟು ಎತ್ತಿಕೊಳ್ಳುವುದು ಅಲ್ಲಿಯ ರೂಢಿ. ಉಳಿದವರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋದರೆ ಬಚ್ಚ ಮಾತ್ರ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಹೊಟ್ಟೆ ಒತ್ತಿ ನೋಡುತ್ತಿದ್ದ. "ಹ್ವಾಯ್ ಬಚ್ಚಣ್ಣ, ಮದಿಗೆ ಹೆಣ್ಣ್ ಕಾಂಬುಕೆ ಕೂತ್ರಾ?" ಎಂದು ಜೊತೆಯವರು ಛೇಡಿಸಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆರಿಸಿದ್ದರಲ್ಲಿ ದೊಡ್ಡದು ಯಾರ ಬಟ್ಟಲಿಗೆ ಬೀಳಬೇಕೆನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಕ್ಷಯ್ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ. ಸಣಕಲು ಹುಡುಗ. ಅಂಗಿ ಮೊಳೆಗೆ ತೂಗುಹಾಕಿದ ಹಾಗೆ ಮೈಮೇಲೆ ಇರುತ್ತಿತ್ತು. ಮಳೆಗಾಲ ಶುರುವಾಗುತ್ತಲೇ, ಯಾರು ಏನು ಹೇಳಿದರೋ, ಬೈಂದೂರಿನಲ್ಲಿ ಗುಣಪಾಲ ಮಾಸ್ಟ್ರ ಜಿಮ್ಮಿಗೆ ಸೇರಿಬಿಟ್ಟ. ಮೊದಲ ದಿನವೇ ರಾಡಿಗೆ ದೊಡ್ಡ ದೊಡ್ಡ ಕಬ್ಬಿಣದ ತಟ್ಟೆ ಹಾಕಿ ಎತ್ತಲು ಹೋದವನನ್ನು ಮಾಸ್ಟ್ರು ಕುತ್ತಿಗೆಪಟ್ಟಿ ಹಿಡಿದು ಎಳೆದು, ಕೈಗೆ ಬರೀ ರಾಡು ಕೊಟ್ಟು, "ಮೊದ್ಲ್ ಇದ್ನ್ ಸಮಾ ಎತ್ತುಕೆ ಕಲಿ. ಆಮೇಲ್ ಪೈಲ್ವಾನ್ ಆಪುಕಕ್ಕ್" ಎಂದಿದ್ದರು.

ಬರೀ ರಾಡೇ ಸಾಕಾಯಿತು. ಮಾರನೆಯ ಬೆಳಿಗ್ಗೆ ತಲೆ ಬಾಚಲು ಕೈ ಮೇಲೇಳಲಿಲ್ಲ.

"ಅಮ್ಮಾ, ಕೈ ಮೇಲ್ ಹೋತಿಲ್ಲೆ."

"ಬರೀ ಕಬ್ಣದ್ ಕೋಲ್ ಎತ್ತಿದ್ದಕ್ಕೆ ಹೀಂಗಾ?" ಎಂದು ನಗುತ್ತಲೇ ಪೂಜಿತಾ ತಮ್ಮನ ತಲೆ ಬಾಚಿಕೊಟ್ಟಳು.

ಅಕ್ಕು ಮಾತ್ರ ಒಪ್ಪಲಿಲ್ಲ. "ಎಂತ ನಗಾಡ್ತೆ ಹೆಣೆ? ಯಾರ್ದೋ ಕಣ್ಣ್ ಬಿದ್ದಿತ್ ಹುಡ್ಗಂಗೆ" ಎಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದರು.

ಆಮೇಲೆ ಮೊಟ್ಟೆ ಬಂತು. ದಿನಾ ರಾಶಿ ಮೊಟ್ಟೆ, ಅವನದೇ ಸಂಬಳದ್ದು, ಅದಕ್ಕೆ ಯಾರೂ ತಕರಾರು ಮಾಡುವ ಹಾಗಿರಲಿಲ್ಲ. ಬೇಯಿಸಿ ಬಿಳಿ ಮಾತ್ರ ತಿಂದು ಹಳದಿ ಬಿಡುತ್ತಿದ್ದ. ಬಿಟ್ಟ ಹಳದಿಯನ್ನು ಅಕ್ಕು ದಂಡ ಮಾಡಬಾರದೆಂದು ಉಪ್ಪು ಹಚ್ಚಿ ತಿಂದಳು. ತಿಂಗಳು ಕಳೆಯುವ ಹೊತ್ತಿಗೆ ಅಕ್ಕುವಿನ ಕೆನ್ನೆ ತುಂಬಿಕೊಂಡಿತ್ತು. ಮೈ ಬೆಳೆಸಲು ಹೊರಟವನು ಮೊಮ್ಮಗ, ಬೆಳೆದವಳು ಅಜ್ಜಿ ಎಂದು ಬಚ್ಚನೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅಲ್ಲಿಯವರೆಗೆ ಎಲ್ಲ ನಗೆಯಲ್ಲೇ ಇತ್ತು.

ಆ ಮಧ್ಯಾಹ್ನ ಪದ್ದು ಬಂಗುಡೆ ಸಾರು ಮಾಡಿದ್ದಳು. ಎಂದಿನಂತೆ ಬಚ್ಚ ಸೌಟಿನಿಂದ ದೊಡ್ಡ ಮೀನನ್ನು ಎತ್ತಿ ಅಳಿಯನ ಬಟ್ಟಲಿಗೆ ಹಾಕಿದ. ಅಕ್ಷಯ್ ಬಟ್ಟಲು ಹಿಡಿದುಕೊಂಡು ಎದ್ದ. ಮೋರಿಯ ಬದಿಯ ನಲ್ಲಿ ತಿರುಗಿಸಿ, ಮೀನನ್ನು ಅಂಗೈಯಲ್ಲಿ ಮಗುಚಿ ಮಗುಚಿ ತೊಳೆದ. ಕಾಯಿಮಸಾಲೆಯೆಲ್ಲ ಕೆಂಪಗೆ ಹರಿದು ಮೋರಿಗೆ ಹೋಯಿತು.

"ಎಂತ ಮಾಡ್ತಿದ್ದೆ ಅದ್?" ಬಚ್ಚ ಕೇಳಿದ.

"ತೆಂಗಿನ್ಕಾಯಿ ಜಾಸ್ತಿ ಆಯ್ತ್ ಮಾವ. ಮಾಸ್ಟ್ರ್ ಬೇಡ ಅಂದಿರ್. ಮೀನ್ ಮಾತ್ರ ತಿಂತೆ."

"ನಿನ್ ಅಮ್ಮ ಕೂತ್ ಅರ್ದ್ ಮಾಡಿದ್ ಸಾರ್ ಅದ್. ನಾನ್ ಕಡ್ಲಿಂದ ಆರ್ಸಿ ತಂದ್ ಮೀನ್ ಅದ್. ಅಷ್ಟ್ ಕೊಳಕ್ ಆಯ್ತಾ ನಿಂಗೆ, ತೊಳ್ದ್ ತಿಂಬುವಷ್ಟ್?"

ಇಲ್ಲಿಗೆ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಆದರೆ ಹೊಸದಾಗಿ ತೋಳು ಬಂದ ಹುಡುಗನಿಗೆ ನಾಲಿಗೆಯೂ ಬಂದಿತ್ತು.

"ನಂಗ್ ಬೇಕಾದ್ದ್ ತಿಂಬುಕೂ ನಿಮ್ ಅಪ್ಪಣಿ ಬೇಕಾ ಮಾವ? ನೀವೆಂತ ನನ್ ಅಪ್ಪನಾ?"

ಬಚ್ಚ ಬೈಯಲಿಲ್ಲ, ಕೈ ಎತ್ತಲಿಲ್ಲ. ತಟ್ಟೆಯಲ್ಲಿದ್ದ ಅನ್ನವನ್ನು ಕೊನೆಯ ಅಗುಳಿನವರೆಗೂ ಉಂಡು, ತಟ್ಟೆ ತೊಳೆದಿಟ್ಟು, ಹೆಗಲಿಗೆ ಬೈರಾಸು ಹಾಕಿದ. "ಪದ್ದು, ಇನ್ ಇಲ್ಲ್ ಉಂಬುದಿಲ್ಲ ನಾನ್" ಎಂದು ದೋಣಿ ಶೆಡ್ಡಿನ ಕಡೆಗೆ ನಡೆದುಬಿಟ್ಟ.

ಎರಡು ದಿನದಲ್ಲಿ ಸಿಟ್ಟು ಇಳಿಯುತ್ತದೆ ಎಂದುಕೊಂಡಳು ಪದ್ದು. ಇಳಿಯಲಿಲ್ಲ. ಮಲಗುವುದೂ ಶೆಡ್ಡಿನಲ್ಲೇ ಆಯಿತು. ಪೂಜಿತಾ ಕಾಲೇಜಿಗೆ ಹೋಗುವ ದಾರಿಯಲ್ಲಿ ಮಾವನಿಗೆ ಊಟದ ಕ್ಯಾರಿಯರ್ ಕೊಟ್ಟು ಹೋಗುತ್ತಿದ್ದಳು. ಬರುವಾಗ ಖಾಲಿ ಕ್ಯಾರಿಯರ್ ಲಕಲಕ ತೊಳೆದು ಸಿದ್ಧವಾಗಿರುತ್ತಿತ್ತು. ಸಾರಿನ ಮೀನೂ ತಪ್ಪಲಿಲ್ಲ. ದಿನಾ ಯಾರದಾದರೂ ಕೈಯಲ್ಲಿ ಬಾಗಿಲಿಗೆ ಬರುತ್ತಿತ್ತು, ಆರಿಸಿದ ಮೀನೇ. ಬಾರದಿದ್ದವನು ಬಚ್ಚ ಮಾತ್ರ.

ಪದ್ದು ಬುಟ್ಟಿ ಇಳಿಸಿ ಒಂದು ದಿನ ಶೆಡ್ಡಿಗೇ ಹೋದಳು. ಬಚ್ಚ ಬಲೆ ಹೊಲಿಯುತ್ತ ಕೂತಿದ್ದ.

"ಅಣ್ಣಯ್ಯ, ಮಕ್ಳ್ ಮಾತಿಗೆ ಮನೆ ಊಟ ಬಿಡುದಾ?"

"ಎಲ್ಲಿ ಬಿಟ್ಟಿದೆ? ದಿನಾ ನಿನ್ ಸಾರೇ ಉಂತಿಲ್ಲ್ಯಾ?"

"ಹ್ಯಾಂಗಿತ್ತ್ ನಿನ್ನೆದ್?"

"ಉಪ್ಪ್ ಕಮ್ಮಿ."

"ಮನೆಗ್ ಬಂದ್ ಕೂಕಂಡ್ರೆ ಉಪ್ಪ್ ಹಾಕ್ತಿದ್ದೆ."

ಬಚ್ಚ ಸೂಜಿಯಿಂದ ತಲೆ ಎತ್ತಲಿಲ್ಲ. "ಅವ ಹೇಳಿದ್ದ್ ಸಮಾ ಇತ್ತ್ ಪದ್ದು. ನಾನ್ ಎಂತ ಅವ್ನ್ ಅಪ್ಪನಾ?"

ಪದ್ದು ಬುಟ್ಟಿ ಎತ್ತಿಕೊಂಡು ಎದ್ದಳು. ಮನೆಗೆ ಬಂದು ಮಗನ ಮೇಲೆ ಹರಿಹಾಯ್ದಳು.

"ಮಾವನ ಹತ್ರ ಹೋಯ್ ತಪ್ಪಾಯ್ತ್ ಅನ್. ಇವತ್ತೇ ಹೋಯ್ಕ್ ನೀನ್."

"ಹ್ಯಾಂಗ್ ಹೋಪುದಮ್ಮ? ನಾನ್ ಶೆಡ್ಡಿನ ಬದಿಗ್ ಹೋರೆ ಅವ್ರ್ ಎದ್ದ್ ದೋಣಿ ಆಚಿಗ್ ಹೋತ್ರ್." ಅಕ್ಷಯನ ಧ್ವನಿ ಸಣ್ಣದಾಯಿತು. "ಎರಡ್ ಸರ್ತಿ ಹೋಯ್ ಬಂದೆ."

ಹೋಗಿದ್ದ ಎಂಬುದೇ ಪದ್ದುವಿಗೆ ಗೊತ್ತಿರಲಿಲ್ಲ. ಅವಳಿಗೆ ನಿಜವಾಗಿ ಹೆದರಿಕೆ ಹುಟ್ಟಿದ್ದು ಆಗಲೇ. ಗಂಡ ಸತ್ತಾಗ ಈ ಮನೆ ಬೀಳದಂತೆ ಹಿಡಿದವನು ಅಣ್ಣ. ಅವನ ಋಣವನ್ನು ಏಳು ಜನ್ಮ ಬಂದರೂ ತೀರಿಸಲಿಕ್ಕಾಗದು. ಅಂಥವನು ಊರ ಮುಂದೆ ಶೆಡ್ಡಿನಲ್ಲಿ ಉಂಡು ಶೆಡ್ಡಿನಲ್ಲೇ ಮುದುಕನಾಗಿಬಿಟ್ಟರೆ? "ತಾಯೇ ಮೂಕಾಂಬಿಕೆ, ನನ್ನ ಅಣ್ಣ ಮನೆಯಲ್ಲಿ ಕೂತು ಉಣ್ಣುವ ಹಾಗೆ ಮಾಡು, ಕೊಲ್ಲೂರಿಗೆ ಬಂದು ಕೈಮುಗಿಯುತ್ತೇನೆ" ಎಂದು ಹರಕೆ ಹೊತ್ತಳು.

ದೀಪಾವಳಿ ಬಂತು. ಮನೆಗಳಲ್ಲಿ ಹಂಡೆಗೆ ನೀರು ತುಂಬಿ, ಬೆಳಗಾಗುತ್ತಲೇ ಎಲ್ಲರೂ ಎಣ್ಣೆ ಹಚ್ಚಿಕೊಂಡು ಮೀಯುವ ಹಬ್ಬ. ಅಕ್ಷಯನಿಗೆ ಎಣ್ಣೆ ಹಚ್ಚುವುದು ಯಾವತ್ತೂ ಬಚ್ಚನ ಕೆಲಸ. ಕೂಸಾಗಿದ್ದಾಗ ಕಾಲ ಮೇಲೆ ಮಲಗಿಸಿಕೊಂಡು, ದೊಡ್ಡವನಾದ ಮೇಲೆ ಬಚ್ಚಲಿನ ಮಣೆಯ ಮೇಲೆ ಕೂರಿಸಿ, ಒಂದು ವರ್ಷವೂ ತಪ್ಪಿಸಿರಲಿಲ್ಲ. ಹಗ್ಗ ಎಳೆದು ದೊರಗಾದ ಅಂಗೈಯಲ್ಲಿ ಅವನು ತಿಕ್ಕಿದರೆ ಹುಡುಗ "ಅಯ್ಯೋ ಚರ್ಮ ಹೋಯ್ತ್" ಎಂದು ಬೊಬ್ಬೆ ಹಾಕುತ್ತಿದ್ದ.

ಆ ಬೆಳಿಗ್ಗೆ ಅಕ್ಷಯ್ ಬೈರಾಸು ಸುತ್ತಿಕೊಂಡು ಮಣೆಯ ಮೇಲೆ ಕೂತ. ಪಕ್ಕದಲ್ಲಿ ಕಂಚಿನ ಬಟ್ಟಲು, ಬೆಚ್ಚಗೆ ಮಾಡಿದ ತೆಂಗಿನೆಣ್ಣೆ.

"ನಾನ್ ಹಚ್ತೆ, ತಿರ್ಗ್" ಎಂದಳು ಪದ್ದು.

"ಬ್ಯಾಡ. ಮಾವ ಬತ್ರ್."

"ಬರದಿದ್ರೆ?"

"ಹಬ್ಬ ಅಲ್ದಾ? ಬತ್ರ್."

ಹಂಡೆಯ ನೀರು ಆರಿತು. ಪದ್ದು ಮತ್ತೆ ಬೆಂಕಿ ಹಾಕಿದಳು, ಮತ್ತೆ ಆರಿತು. ಪೂಜಿತಾ ಮಿಂದು, ಅಕ್ಕು ಮಿಂದು, ಊರೆಲ್ಲ ಮಿಂದು ದೋಸೆ ತಿಂದಾಯಿತು. ಕಡೆಗೆ ಅಕ್ಷಯ್ ತಾನೇ ಎದ್ದು, ಎಣ್ಣೆ ಮುಟ್ಟದೆ, ತಣ್ಣೀರಿನಲ್ಲಿ ಮಿಂದು ಕೆಲಸಕ್ಕೆ ಹೋದ. ಪದ್ದು ಬಟ್ಟಲಿನ ಎಣ್ಣೆಯನ್ನು ಬಾಟಲಿಗೆ ಸುರಿದಳು. ಹೊಸ್ತಿಲಲ್ಲಿ ಕೂತಿದ್ದ ಅಕ್ಕು ಎಲ್ಲವನ್ನೂ ನೋಡುತ್ತಿದ್ದಳು. ಅಕ್ಕು ಮಾತಾಡದ ಹಬ್ಬ ಅದೊಂದೇ ಇರಬೇಕು.

ಹಬ್ಬ ಕಳೆದು ಕೆಲವು ವಾರಕ್ಕೆ ಅಕ್ಷಯ್ ಕುಂದಾಪುರದಲ್ಲಿ ದೇಹದಾರ್ಢ್ಯ ಸ್ಪರ್ಧೆಯಿದೆ, ಹೊಸಬರ ವಿಭಾಗದಲ್ಲಿ ತಾನು ನಿಲ್ಲುತ್ತೇನೆ ಎಂದ. ಗೆಲ್ಲುವುದಕ್ಕಲ್ಲ, ವೇದಿಕೆಯ ಹೆದರಿಕೆ ಹೋಗಲಿ ಎಂದು ಮಾಸ್ಟ್ರು ಹೆಸರು ಕೊಟ್ಟಿದ್ದರಂತೆ.

"ಎಂತ ಹಾಯ್ಕಂಡ್ ನಿಲ್ಲುದ್ ಅಲ್ಲಿ?" ಅಕ್ಕು ಕೇಳಿದಳು.

ಅಕ್ಷಯ್ ತಲೆ ಕೆರೆದುಕೊಂಡ. "ಸಣ್ಣ ಚಡ್ಡಿ ಅಜ್ಜಿ."

"ಕೋಮಣ ಅನ್. ನಿನ್ನಜ್ಜ ಇಡೀ ಜೀವಮಾನ ಕೋಮಣ ಕಟ್ಕಂಡ್ ಕಡ್ಲಂಗೆ ನಿಂತಿದ್ರ್. ಅವ್ರಿಗ್ ಒಂದ್ ಕಪ್ಪೂ ಯಾರೂ ಕೊಡ್ಲಿಲ್ಲ!"

ಬಹಳ ದಿನಗಳ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು. ನಕ್ಕ ಮೇಲೆ ಎಲ್ಲರ ಕಣ್ಣೂ ಬಚ್ಚನ ಖಾಲಿ ಮಣೆಯ ಕಡೆಗೆ ಹೋಯಿತು.

ಸ್ಪರ್ಧೆಯ ದಿನ ಪದ್ದು ಮೀನು ಮಾರಲು ಹೋಗದೆ ಒಳ್ಳೆಯ ಸೀರೆ ಉಟ್ಟಳು. ಹಿಂದಿನ ದಿನ ಬಂದ ಬಂಗುಡೆಯ ಸಾರು ಮಾಡಿಟ್ಟು, "ಅಬ್ಬಿ, ನೀವೂ ಬನ್ನಿ" ಎಂದು ತಾಯಿಯನ್ನು ಕರೆದಳು.

"ನಂಗ್ ಬೇರೆ ಕೆಲ್ಸ ಇತ್ತ್" ಎಂದ ಅಕ್ಕು ಊರುಗೋಲು ಹಿಡಿದು, ಕಂಚಿನ ಬಟ್ಟಲು, ಎಣ್ಣೆ ಬಾಟಲಿ ಎರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಹೊರಟಳು. ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಬಸ್ಸು ಹಾರನ್ ಹಾಕಿತು.

ವೇದಿಕೆಯ ಹಿಂದೆ ಶಾಮಿಯಾನದ ಬಟ್ಟೆ ಕಟ್ಟಿ ಸ್ಪರ್ಧಿಗಳಿಗೆ ಜಾಗ ಮಾಡಿದ್ದರು. ಹೆಂಗಸರು ಒಳಗೆ ಹೋಗುವ ಹಾಗಿಲ್ಲ. ಪದ್ದು, ಪೂಜಿತಾ ಬಟ್ಟೆಯ ಸಂದಿಯಲ್ಲಿ ಇಣುಕಿದರು. ಅಕ್ಷಯನ ಮೈಗೆ ಮಾಸ್ಟ್ರು ಬೆಳಿಗ್ಗೆಯೇ ಕಂದು ಬಣ್ಣ ಬಳಿದಿದ್ದರು. ದೀಪದ ಬೆಳಕಿಗೆ ಸ್ನಾಯು ಎದ್ದು ಕಾಣಲಿ ಎಂದು ಹಾಗಂತೆ. ಇನ್ನು ಅದರ ಮೇಲೆ ಅವರೇ ಕೊಟ್ಟ ಸಣ್ಣ ಬಾಟಲಿಯ ದ್ರವವನ್ನು ಒಂದೆರಡು ಹನಿ ಸವರಿದರೆ ಮುಗಿಯಿತು. ಬೆನ್ನಿಗೆ ಸವರಬೇಕಾದ ಗೆಳೆಯ ಸಚಿನ್ ಬೈಕು ಪಂಚರಾಗಿ ಹೆಮ್ಮಾಡಿಯಲ್ಲಿ ನಿಂತಿದ್ದ. ಮಾಸ್ಟ್ರು ವೇದಿಕೆಯ ಕಡೆಗೆ ಓಡಿದ್ದರು. ಎಲ್ಲರ ಬೆನ್ನಿಗೂ ಒಬ್ಬೊಬ್ಬರು ಇದ್ದರು. ಅಕ್ಷಯ್ ಒಬ್ಬನೇ ಸ್ಟೂಲಿನ ಮೇಲೆ ಕೂತು ಬಾಟಲಿ ತಿರುಗಿಸುತ್ತಿದ್ದ.

"ಅಮ್ಮಾ, ಅಲ್ಲ್ ಕಾಣಿ!" ಪೂಜಿತಾ ಪದ್ದುವಿನ ಕೈ ಹಿಂಡಿದಳು.

ಆ ಕಡೆಯ ಬಾಗಿಲಿನಿಂದ ಬಚ್ಚ ಬಂದ. ಇಸ್ತ್ರಿ ಇಲ್ಲದ ಬಿಳಿ ಅಂಗಿ, ಕೈಯಲ್ಲಿ ಕಂಚಿನ ಬಟ್ಟಲು, ಕಂಕುಳಲ್ಲಿ ಎಣ್ಣೆ ಬಾಟಲಿ. ಯಾರ ಮುಖವನ್ನೂ ನೋಡದೆ ನೆಟ್ಟಗೆ ಅಳಿಯನ ಹಿಂದೆ ಹೋಗಿ ನಿಂತ. ತೆಂಗಿನೆಣ್ಣೆಯನ್ನು ಬಟ್ಟಲಿಗೆ ಸುರಿದ.

"ಬೆನ್ನ್ ಕೊಡ್."

ಅಕ್ಷಯ್ ಬೆಚ್ಚಿ ತಿರುಗಿದ. ಮಾವನ ಮುಖ ನೋಡಿದ, ಬಟ್ಟಲು ನೋಡಿದ. ಕೈಯಲ್ಲಿದ್ದ ಸಣ್ಣ ಬಾಟಲಿಯನ್ನು ಸ್ಟೂಲಿನ ಕೆಳಗೆ ಇಟ್ಟು, ಬೆನ್ನು ಬಗ್ಗಿಸಿ ಕೂತ.

ಬಚ್ಚ ಬೊಗಸೆ ತುಂಬ ಎಣ್ಣೆ ತೆಗೆದು ಹಚ್ಚಿದ. ಒಂದೆರಡು ಹನಿಯ ಲೆಕ್ಕ ಅವನಿಗೆಲ್ಲಿ ಗೊತ್ತು? ಹಬ್ಬಕ್ಕೆ ಹಚ್ಚುವ ಹಾಗೆಯೇ ಕುತ್ತಿಗೆ, ಭುಜ, ಪಕ್ಕೆ ಎಂದು ತಿಕ್ಕಿ ತಿಕ್ಕಿ ಹಚ್ಚಿದ.

"ಕೈ ಎತ್ತ್... ಹ್ಞೂಂ. ಭುಜ ಗಟ್ಟಿ ಆಯ್ತಲ ಮಾರಾಯ. ಕಾಲ್ ಕೊಡ್. ಕಾಲ್ ಎಂತ ಇಷ್ಟ್ ಸಪೂರ? ಇದ್ಕ್ ಎಂತ ಮಾಡುದಿಲ್ಯಾ ನಿನ್ ಮಾಸ್ಟ್ರ್?"

"ಮಾಡ್ತ್ರ್ ಮಾವ. ನಾನೇ ತಪ್ಸ್ತೆ."

"ತಪ್ಸುಕಾಗ."

ಪದ್ದು ಬಾಯಿಗೆ ಸೆರಗು ಒತ್ತಿ ಹಿಡಿದಳು. ಕೂಸಿನ ಕಾಲಿಗೆ ಎಣ್ಣೆ ಹಚ್ಚುತ್ತ ಕೂತಿದ್ದ ಅಣ್ಣ ಅವಳ ಕಣ್ಣ ಮುಂದೆ ಬಂದ. ಈ ಒಂದು ಗಳಿಗೆಯನ್ನು ತೋರಿಸಿದ್ದಕ್ಕೆ ಯಾರಿಗೆ ಕೈಮುಗಿಯಲಿ ಎಂದು ತಿಳಿಯದೆ ಶಾಮಿಯಾನದ ಕಂಬಕ್ಕೇ ಮುಗಿದಳು.

ಅಷ್ಟರಲ್ಲಿ ಗುಣಪಾಲ ಮಾಸ್ಟ್ರು ಓಡಿಬಂದರು. ಬಂದವರು ಅಲ್ಲೇ ತಲೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯಯ್ಯೋ, ತೆಂಗಿನೆಣ್ಣೆ ಹಚ್ಚಿದ್ಯಾರ್? ಬಣ್ಣ ಎಲ್ಲ ಇಳೀತಿತ್ತಲ!" ಆದರೆ ಮೈಕಿನಲ್ಲಿ ಅಕ್ಷಯನ ಹೆಸರು ಕೂಗಿಯಾಗಿತ್ತು.

ವೇದಿಕೆಯ ದೀಪದ ಬಿಸಿಗೆ ಎಣ್ಣೆ ಹರಿಯಿತು, ಎಣ್ಣೆಯ ಜೊತೆ ಬಣ್ಣವೂ ಹರಿಯಿತು. ಅಕ್ಷಯ್ ಕೈ ಎತ್ತಿ ತೋಳು ಬಿಗಿದು ನಿಲ್ಲುವ ಹೊತ್ತಿಗೆ ಎದೆ ಹೊಟ್ಟೆಯ ಮೇಲೆಲ್ಲ ಉದ್ದುದ್ದ ಪಟ್ಟೆ ಬಿದ್ದಿತ್ತು. "ಹುಲಿವೇಷವಾ ಮಾರ್ರೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ಗೊಳ್ಳೆಂದಿತು. ಅಕ್ಷಯ್ ಒಂದು ಕ್ಷಣ ತಡವರಿಸಿದ. ಆಮೇಲೆ ತಾನೂ ನಕ್ಕು, ಕಲಿತ ಭಂಗಿಗಳನ್ನೆಲ್ಲ ಒಂದೂ ಬಿಡದೆ ಮಾಡಿ ತೋರಿಸಿಯೇ ಇಳಿದ. ಚಪ್ಪಾಳೆ ಜೋರಾಗಿಯೇ ಬಿತ್ತು. ಬಹುಮಾನಕ್ಕೆ ಮಾತ್ರ ಅವನ ಹೆಸರು ಬರಲಿಲ್ಲ.

ಹೊರಗೆ ಮಾಸ್ಟ್ರು ಬೈಯುತ್ತಿದ್ದರು. "ನಿಂಗ್ ಗೊತ್ತಿರ್ಲಿಲ್ಲ್ಯಾ, ಆ ಎಣ್ಣಿ ಹಚ್ರೆ ಬಣ್ಣ ನಿಲ್ತಿಲ್ಲೆ ಅಂದೇಳಿ?"

"ಗೊತ್ತಿತ್ತ್ ಮಾಸ್ಟ್ರೇ."

"ಮತ್ತೆ ಬ್ಯಾಡ ಅಂಬುಕೆ ಎಂತ ಆಯ್ತ್ ನಿಂಗೆ?"

"ನಮ್ ಮಾವ ಎಣ್ಣಿ ಹಚ್ಚುವತಿಗೆ ಬ್ಯಾಡ ಅಂಬುಕ್ ಆತ್ತಾ?" ಎಂದ ಅಕ್ಷಯ್.

ಬಚ್ಚ ಎರಡು ಹೆಜ್ಜೆ ಆಚೆ ನಿಂತಿದ್ದ. ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಎರಡೂ ಕಂದು. ಪದ್ದು ಹತ್ತಿರ ಬಂದಳು.

"ಅಬ್ಬಿ ಶೆಡ್ಡಿಗ್ ಬಂದಿತ್ತ್ ಪದ್ದು. ಹಬ್ಬದ್ ದಿನ ನೀರ್ ತಣಿವರಿಗೂ ಕೂತಿದ್ನಂಬ್ರ್ ಇವ, ಹೌದಾ?"

"ಹೌದ್."

"ನಂಗ್ ಎಂತಕೆ ಹೇಳ್ಲಿಲ್ಲ ನೀನ್?"

"ನೀವ್ ಕೇಂಡ್ರ್ಯಾ ಅಣ್ಣಯ್ಯ?"

ಬಚ್ಚ ಅಳಿಯನ ಕಡೆ ತಿರುಗಿದ. "ನನ್ನಿಂದ ಹಾಳಾಯ್ತ್ ಅಲ್ದಾ ನಿನ್ ಕೆಲ್ಸ?"

"ಎಂತ ಹಾಳಾಯ್ಲಿಲ್ಲ. ಕಾಲ್ ಸಪೂರ ಇತ್ತಲ, ಹ್ಯಾಂಗೂ ಸಿಕ್ತಿರ್ಲಿಲ್ಲ." ಅಕ್ಷಯ್ ಬೈರಾಸಿನ ತುದಿ ತಿರುಚಿದ. "ಮಾವ, ಅವತ್ತ್ ಹೇಳಿದ್ ಮಾತ್... ತಪ್ಪಾಯ್ತ್."

"ಹೋಪ. ಬಸ್ ತಪ್ಪುತ್ತ್" ಎಂದ ಬಚ್ಚ. ಆದರೆ ಬಸ್ಸಿನವರೆಗೂ ಅಳಿಯನ ಭುಜದ ಮೇಲಿನ ಕೈ ತೆಗೆಯಲಿಲ್ಲ. ಹುಡುಗನ ಅಂಗಿಗೆ ಐದು ಬೆರಳಿನ ಕಂದು ಗುರುತು ಬಿತ್ತು.

ಮನೆಯ ಅಂಗಳದಲ್ಲಿ ಅಕ್ಕು ಕಾದು ಕೂತಿದ್ದಳು.

"ಕಪ್ ಸಿಕ್ತಾ?"

"ಇಲ್ಲೆ ಅಜ್ಜಿ."

"ಎಣ್ಣಿ ಹಚ್ಚಿದ್ನಾ?"

"ಹಚ್ಚಿರ್."

"ಸಾಕ್ ಮತ್ತೆ. ಕೈಕಾಲ್ ತೊಳ್ಕಂಡ್ ಉಂಬುಕ್ ಕೂಕಣಿ."

ಪದ್ದು ಸಾರು ಬಿಸಿ ಮಾಡಿ ಅನ್ನ ಬಡಿಸಿದಳು. ಬಚ್ಚ ತನ್ನ ಮಣೆಯ ಮೇಲೆ, ಏನೂ ಆಗದವನ ಹಾಗೆ, ಬಂದು ಕೂತ. ಸೌಟು ಹಾಕಿ ದೊಡ್ಡ ಬಂಗುಡೆಯನ್ನು ಎತ್ತಿದ. ಎತ್ತಿದವನು ತಡೆದ. "ಪದ್ದು, ಒಂದ್ ಬಟ್ಲ್ ಬಿಸ್ನೀರ್ ಕೊಡ್" ಎಂದ.

ಪದ್ದುವಿಗೆ ಅರ್ಥವಾಗದಿದ್ದರೂ ಕೊಟ್ಟಳು. ಎಲ್ಲರೂ ನೋಡುತ್ತಿದ್ದಂತೆ ಬಚ್ಚ ಮೀನನ್ನು ಬಿಸಿನೀರಿನಲ್ಲಿ ಅದ್ದಿ, ಮುರಿಯದ ಹಾಗೆ ಎರಡು ಬೆರಳಲ್ಲಿ ಹಿಡಿದು, ಮಸಾಲೆಯನ್ನೆಲ್ಲ ಮೆಲ್ಲಗೆ ತೊಳೆದ. ಬೆಳ್ಳಗಾದ ಬಂಗುಡೆಯನ್ನು ಅಳಿಯನ ತಟ್ಟೆಗೆ ಹಾಕಿದ.

"ತಿನ್ನ್. ಕಾಲ್ ದಪ್ಪ ಆಯ್ಕಲ."

ಅಕ್ಷಯ್ ಕೈ ಚಾಚಿ, ಸೌಟು ತುಂಬ ಸಾರು ತೆಗೆದು, ತೊಳೆದ ಮೀನಿನ ಮೇಲೆಯೇ ಸುರಿದುಕೊಂಡ.

"ಇವತ್ತ್ ಬ್ಯಾಡ ಮಾವ. ನಾಳಿಂದ ತೊಳ್ದ್ ಕೊಡಿ. ದಿನಾ ನೀವೇ ತೊಳ್ದ್ ಕೊಡ್ಕ್."

"ದಿನಾ ನಾನೇ ತೊಳಿತೆ" ಎಂದ ಬಚ್ಚ.

"ಎರಡೂ ಮಳ್ಳ್" ಎಂದು ಅಕ್ಕು ಮೀನಿನ ತಲೆ ಚೀಪಲು ಶುರುಮಾಡಿದಳು.

ನಾಳಿಂದ, ದಿನಾ. ಪದ್ದುವಿನ ಕಿವಿಗೆ ಅವೆರಡೇ ಮಾತು ಬಿದ್ದವು. ಕೊಲ್ಲೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಬೆಳಿಗ್ಗೆ ಕೇಳಬೇಕು ಎಂದುಕೊಂಡಳು. ಕಣ್ಣು ತುಂಬಿ ಕೆನ್ನೆಗಿಳಿದದ್ದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗದೆ, ಮಸಾಲೆ ತೇಲುವ ಬಿಸಿನೀರಿನ ಬಟ್ಟಲನ್ನು ಬದಿಗಿಟ್ಟು, ಅಣ್ಣನ ಪಕ್ಕದಲ್ಲಿ ತನಗೂ ಒಂದು ತಟ್ಟೆ ಹಾಕಿಕೊಂಡು ಕೂತಳು.

"ಉಪ್ಪ್ ಹ್ಯಾಂಗಿತ್ತ್ ಅಣ್ಣಯ್ಯ?"

"ಸಮಾ ಇತ್ತ್" ಎಂದ ಬಚ್ಚ.